ಮಜ್ಜಿಗೆಗೆ ಬಗ್ಗದ ಕೊಳೆ: ಮಲೆನಾಡಿನ ಒಂದು ಅಡಿಕೆ ತೋಟದ ಪ್ರಕರಣ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಅಡಿಕೆ ಬೆಳೆಗಾರರ ನಡುವೆ ಒಂದು ಪ್ರಶ್ನೆ ಓಡಾಡುತ್ತದೆ. ತಾಮ್ರದ ಲವಣವಾದ ಮೈಲುತುತ್ತ ಬಿಟ್ಟು, ಬರೀ ನೈಸರ್ಗಿಕ ವಸ್ತುಗಳಿಂದ, ಮಳೆಗಾಲದಲ್ಲಿ ಹಸಿರು ಕಾಯಿ ಕೊಳೆಸಿ ಉದುರಿಸುವ ಕೊಳೆ ರೋಗ ತಡೆಯಬಹುದಾ? ಹೌದು ಅನ್ನುವವರೂ ಇದ್ದಾರೆ, ಅಸಾಧ್ಯ ಅನ್ನುವವರೂ ಇದ್ದಾರೆ. ಇಬ್ಬರೂ ಸಿಟ್ಟಿನಿಂದಲೇ ಮಾತಾಡುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ತೋಟದ ವಿಷಯ. ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆಯ ಮಗ್ಗುಲಿಗೆ, ನನ್ನ ಅಕ್ಕನ ಮನೆಯ ತೋಟ. 2018ರಲ್ಲಿ ಭಾವ ಮೈಲುತುತ್ತ ಪೂರ್ತಿ ಬಿಟ್ಟರು. ಆ ಮಳೆಗಾಲದಲ್ಲಿ ಫಸಲಿನ ದೊಡ್ಡ ಪಾಲು ನೆಲಕ್ಕೆ ಬಿತ್ತು. 2019ರಲ್ಲಿ ದಾರಿ ಬದಲಿಸಿದರು. ಅದೂ ಜೋರು ಮಳೆಯ ವರ್ಷವೇ, ಆದರೆ ತೋಟ ಉಳಿಯಿತು. ನಡುವೆ ಏನೇನು ನಡೆಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ತೋಟ ಹೇಗಿದೆ ಅಂತ ಗೊತ್ತಿರಬೇಕು. ಎರಡೂ ಕಡೆ ಗುಡ್ಡ, ನಡುವೆ ಇಳಿಜಾರಿನ ತೋಟ, ಕೆಳಗೆ ಹಳ್ಳ. ಬಿಸಿಲು ಬರುವುದು ತಡ, ಹೋಗುವುದು ಬೇಗ. ಹಳೇ ಮರಗಳು, ತುಂಬಾ ಎತ್ತರ. ಹೆಚ್ಚಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಈ ತೋಟಕ್ಕೆ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊನೆಗಳು, ಅಂದರೆ ಅಡಿಕೆ ಗೊನೆಗಳು, ಒಣಗಿ ನಿಲ್ಲುವ ದಿನ ತೀರಾ ಕಡಿಮೆ. ಕೊಳೆ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಭಾವ ಮೈಲುತುತ್ತ ಬಿಟ್ಟದ್ದು ಹಠಕ್ಕಲ್ಲ. ಅವರಿಗೆ ಕಾರಣಗಳಿದ್ದವು, ಆ ಕಾರಣಗಳನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಅವರ ಅಪ್ಪನ ಕಾಲದಿಂದ ಪ್ರತಿ ವರ್ಷ ಎರಡು ಸಲ, ಕೆಲವು ವರ್ಷ ಮೂರು ಸಲ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆದ ನೆಲ ಅದು. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ. ಬಿದ್ದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಎರೆಹುಳಕ್ಕೆ ಅದು ಆಗಿಬರುವುದಿಲ್ಲ. 'ಗುದ್ದಲಿ ಹಾಕಿದ್ರೆ ಒಂದು ಎರೆಹುಳ ಕಾಣಲ್ಲ ಮಾರಾಯ, ಇದು ಮಣ್ಣಾ?' ಅಂತ ಅವರು ಕೇಳುತ್ತಿದ್ದರು. ಜೊತೆಗೆ ಮದ್ದು ಹೊಡೆಯುವವರ ಕಷ್ಟ. ಮರದ ಮೇಲೆ ಕೂತು ಮೇಲಕ್ಕೆ ಹೊಡೆದ ದ್ರಾವಣ ಗಾಳಿಗೆ ತಿರುಗಿ ಮುಖಕ್ಕೇ ಬರುತ್ತದೆ. ಸಂಜೆಗೆ ಕಣ್ಣು ಉರಿ, ಕೈ ನೀಲಿ. ಇದನ್ನು ನೋಡಿದವರಿಗೆ ಬೇರೆ ದಾರಿ ಹುಡುಕಬೇಕು ಅನ್ನಿಸುವುದು ಸಹಜ.

ಆದರೆ ನಿಜವಾಗಿ ಅವರನ್ನು ಆ ಕಡೆ ತಿರುಗಿಸಿದ್ದು ಅಕ್ಕನ ಹಿತ್ತಲಿನ ಸೌತೆ ಬಳ್ಳಿ. ಆ ವರ್ಷದ ಬೇಸಿಗೆಯಲ್ಲಿ ಸೌತೆ ಎಲೆಗಳಿಗೆ ಬೂದಿ ರೋಗ ಬಂತು. ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಅಕ್ಕ ಮಜ್ಜಿಗೆಯನ್ನು ನೀರಿಗೆ ಬೆರೆಸಿ ವಾರಕ್ಕೊಂದು ಸಲದ ಹಾಗೆ ಸಿಂಪಡಿಸಿದಳು. ಹೊಸ ಎಲೆಗಳು ಶುಭ್ರವಾಗಿ ಬಂದವು, ಬಳ್ಳಿ ಸುಧಾರಿಸಿತು.

ಇದು ಮೂಢನಂಬಿಕೆಯಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲೇ ಸೌತೆಯ ಜಾತಿಯ ಬೆಳೆಯಾದ ಝುಕಿನಿ ಮೇಲೆ ಹಸುವಿನ ಹಾಲು ಸಿಂಪಡಿಸಿ, ಬೂದಿ ರೋಗವನ್ನು ಅದು ಚೆನ್ನಾಗಿ ಹಿಡಿದಿಡುತ್ತದೆ ಅಂತ ತೋರಿಸಿದ್ದರು. ಆಮೇಲೆ ಆಸ್ಟ್ರೇಲಿಯಾದಲ್ಲಿ ದ್ರಾಕ್ಷಿ ಮೇಲೂ ಹಾಲು ಮತ್ತು ಅದರ ತಿಳಿನೀರನ್ನು ಪ್ರಯೋಗಿಸಿದ್ದಾರೆ. ಬೂದಿ ರೋಗದ ಶಿಲೀಂಧ್ರ ಎಲೆಯ ಮೇಲ್ಮೈಯಲ್ಲೇ ಹರಡಿಕೊಂಡು ಬದುಕುತ್ತದೆ, ಒಳಗೆ ಸಣ್ಣ ಬೇರು ಮಾತ್ರ ಇಳಿಸುತ್ತದೆ. ಹೊರಗೆ ಕೂತಿರುವುದರಿಂದ ಮೇಲೆ ಬಿದ್ದದ್ದು ನೇರವಾಗಿ ತಾಗುತ್ತದೆ. ಹಾಲಿನ ಪ್ರೋಟೀನು ಬಿಸಿಲಿಗೆ ಸಿಕ್ಕಾಗ ಅದರ ಎಳೆಗಳಿಗೆ ಪೆಟ್ಟು ಕೊಡುತ್ತದೆ ಅನ್ನುವುದು ಒಂದು ವಿವರಣೆ. ಬೇಸಿಗೆ, ಬಿಸಿಲು, ಒಣ ಎಲೆ. ಇಷ್ಟೂ ಇದ್ದದ್ದಕ್ಕೆ ಮಜ್ಜಿಗೆ ಕೆಲಸ ಮಾಡಿತು. ಗಂಧಕವೂ ಅಷ್ಟೇ, ಬೂದಿ ರೋಗಕ್ಕೆ ಬಹಳ ಹಳೆಯ, ಒಳ್ಳೆಯ ಮದ್ದು. ಅದನ್ನು ಅಡಿಕೆಯ ಕೊಳೆಗೆ ತಂದರೆ ಏನೂ ಪ್ರಯೋಜನವಿಲ್ಲ.

ಭಾವ ಸೌತೆಯಲ್ಲಿ ಕಂಡದ್ದನ್ನು ಅಡಿಕೆಗೆ ಒಯ್ದರು. 'ಅದೂ ಫಂಗಸ್, ಇದೂ ಫಂಗಸ್.' ಈ ಒಂದು ವಾಕ್ಯದಲ್ಲೇ ಇಡೀ 2018ರ ನಷ್ಟ ಅಡಗಿತ್ತು.

ಅವರು ಹಾಕಿಕೊಂಡ ಕ್ರಮ ಹೀಗಿತ್ತು. ರೋಹಿಣಿ ಮಳೆಯ ಕೊನೆಗೆ ಹುಳಿ ಮಜ್ಜಿಗೆ ಮತ್ತು ಗೋಮೂತ್ರವನ್ನು ನೀರಿಗೆ ಬೆರೆಸಿ ಕೊನೆಗಳಿಗೆ ಸಿಂಪಡಣೆ. ಮರದ ಬುಡಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ. ಆಮೇಲೆ ಮಳೆ ಹೊಳವಾದಾಗಲೆಲ್ಲ ಮತ್ತೆ ಮಜ್ಜಿಗೆ. ಪೇಟೆಯ ಅಂಗಡಿಯೊಂದರಲ್ಲಿ 'ಗಿಡಮೂಲಿಕೆ ಶಿಲೀಂಧ್ರನಾಶಕ' ಅಂತ ಕೊಟ್ಟ ಬಾಟಲಿಯೂ ಇತ್ತು. ಅದರ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ, ಯಾವ ರೋಗಕ್ಕೆ ಅಂತಲೂ ಇರಲಿಲ್ಲ, 'ಎಲ್ಲ ಬೆಳೆಗೆ' ಅಂತ ಮಾತ್ರ ಇತ್ತು. ಇಂಥ ಬಾಟಲಿ ಕೈಗೆ ಬಂದರೆ ವಾಪಸ್ ಕೊಟ್ಟುಬಿಡಿ, ದಯವಿಟ್ಟು. ಏನು ಹೊಡೆಯುತ್ತಿದ್ದೀರಿ ಅಂತ ತಿಳಿಯದೆ ಹೊಡೆಯುವುದು ನೈಸರ್ಗಿಕ ಕೃಷಿಯಾಗುವುದಿಲ್ಲ.

ಮೃಗಶಿರಾ ಮಳೆ ಮುಗಿಯುವವರೆಗೆ ತೋಟ ಚೆನ್ನಾಗಿಯೇ ಇತ್ತು. ಆರಿದ್ರಾದಲ್ಲಿ ಹಳ್ಳದ ಬದಿಯ ಮರಗಳ ಕೆಳಗೆ ಹಸಿರು ಕಾಯಿ ಬೀಳತೊಡಗಿತು. ಮಳೆಗಾಲದಲ್ಲಿ ನಾಲ್ಕಾರು ಕಾಯಿ ಉದುರುವುದು ಇದ್ದದ್ದೇ, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಆದರೆ ಕೊಳೆಯ ಉದುರು ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ತೊಟ್ಟಿನ ಹತ್ತಿರ, ಟೋಪಿಯ ಅಂಚಿನಲ್ಲಿ ಕಡು ಹಸಿರು ಬಣ್ಣದ, ನೀರಲ್ಲಿ ನೆನೆದಂಥ ಕಲೆ. ಸುತ್ತಲಿನ ಕಾಯಿ ಇನ್ನೂ ಹೊಳೆಯುತ್ತಿರುತ್ತದೆ, ಕಲೆ ಇರುವ ಜಾಗ ಮಾತ್ರ ಹೊಳಪು ಕಳೆದುಕೊಂಡು ಮಂಕಾಗಿರುತ್ತದೆ. ಎರಡು ಮೂರು ದಿನ ಅದೇ ಕಾಯಿಯನ್ನು ನೆಲದ ಮೇಲೆ ಬಿಟ್ಟು ನೋಡಿ. ಹತ್ತಿ ಸುತ್ತಿದ ಹಾಗೆ ಬಿಳಿ ಬೂಸ್ಟು ಇಡೀ ಕಾಯಿಯನ್ನು ಮುಚ್ಚುತ್ತದೆ. ಆ ಬಿಳಿ ಎಳೆಗಳಲ್ಲೇ ಮುಂದಿನ ಸುತ್ತಿನ ರೋಗ ತಯಾರಾಗುತ್ತಿರುತ್ತದೆ.

ಪುನರ್ವಸುವಿನ ಹೊತ್ತಿಗೆ ಕೆಳಗಿನ ತೋಟ ಪೂರ್ತಿ ಹಿಡಿದಿತ್ತು. ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಮೇಲಕ್ಕೆ ಏರಿತು. ಆಗಸ್ಟ್‌ನಲ್ಲಿ ಕೊಡಗು, ಮಲೆನಾಡಿನಲ್ಲೆಲ್ಲ ಮಳೆ ಹುಚ್ಚು ಹಿಡಿದಂತೆ ಸುರಿಯಿತಲ್ಲ, ನೆನಪಿರಬಹುದು. ಆಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬೋರ್ಡೋ ಹೊಡೆದ ಅಕ್ಕಪಕ್ಕದ ತೋಟಗಳಿಗೂ ಆ ವರ್ಷ ಕೊಳೆ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಬಂದದ್ದು ತಡವಾಗಿ, ಅಲ್ಲಲ್ಲಿ. ಇಲ್ಲಿ ಬಂದದ್ದು ಬೇಗ, ಎಲ್ಲ ಕಡೆ. ಮಳೆ ಬಿಟ್ಟ ಮೇಲೆ ನೋಡಿದರೆ ಕೆಲವು ಮರಗಳಲ್ಲಿ ರೋಗ ಕೊನೆಯಿಂದ ಸುಳಿಗೂ ಇಳಿದಿತ್ತು. ಸುಳಿ ಕೊಳೆತರೆ ಮರವೇ ಹೋಯಿತು ಅಂತ ಲೆಕ್ಕ. ಫಸಲು ಒಂದು ವರ್ಷದ್ದು, ಮರ ಒಂದು ತಲೆಮಾರಿನದ್ದು.

ಈಗ ಯಾಕೆ ಹೀಗಾಯಿತು ಅನ್ನುವ ವಿಷಯ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಕೊಳೆ ತರುವ ಜೀವಿ ಫೈಟಾಫ್ತೊರಾ. ರೂಢಿಯಲ್ಲಿ ನಾವು ಶಿಲೀಂಧ್ರ ಅನ್ನುತ್ತೇವೆ, ಇಲಾಖೆಯ ಕರಪತ್ರದಲ್ಲೂ ಹಾಗೇ ಇರುತ್ತದೆ. ನಿಜವಾಗಿ ಅದು ಶಿಲೀಂಧ್ರಗಳ ಕುಲದ್ದೇ ಅಲ್ಲ, ಕಂದು ಪಾಚಿಗಳ ಕಡೆಯ ನೆಂಟ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಜನರನ್ನು ಹಸಿವಿಗೆ ತಳ್ಳಿದ್ದು ಇದೇ ಕುಲದ ಇನ್ನೊಂದು ಜೀವಿ. ನಮ್ಮ ಕಾಳುಮೆಣಸಿನ ಬಳ್ಳಿಯನ್ನು ದಿನಗಳಲ್ಲೇ ಸೊರಗಿಸಿ ಕೊಲ್ಲುವುದೂ ಇದರದೇ ಬಳಗ. ಇದರ ಬೀಜಕಣಗಳಿಗೆ ಬಾಲದಂಥ ಎಳೆಗಳಿವೆ, ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ಒಂದು ತೆಳು ನೀರಿನ ಪದರ ಇದ್ದರೆ ಸಾಕು. ತಂಪು ಸ್ವಲ್ಪ ಹೆಚ್ಚಾದರೆ, ಅಂದರೆ 20ರಿಂದ 23 ಡಿಗ್ರಿ ಆಸುಪಾಸು, ಜೊತೆಗೆ ಗಾಳಿಯಲ್ಲಿ ಪಸೆ ತುಂಬಿದ್ದರೆ ಅದಕ್ಕೆ ಹಬ್ಬ. ಮಳೆ, ನಡುವೆ ಒಂಚೂರು ಬಿಸಿಲು, ಮತ್ತೆ ಮಳೆ. ಈ ಹವೆಯಲ್ಲಿ ಕೊಳೆ ಓಡುತ್ತದೆ ಅಂತ ನಮ್ಮ ಹಿರಿಯರಿಗೆ ಸೂಕ್ಷ್ಮದರ್ಶಕ ಇಲ್ಲದೆಯೇ ಗೊತ್ತಿತ್ತು.

ಬೂದಿ ರೋಗದ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಎಲೆ ಮೇಲೆ ನೀರು ನಿಂತರೆ ಅದಕ್ಕೆ ಹಿಡಿಸುವುದಿಲ್ಲ, ಒಣ ಹವೆಯಲ್ಲೇ ಅದು ಹಬ್ಬುತ್ತದೆ. ಹಾಗಾಗಿ ಅಲ್ಲಿ ಸಿಂಪಡಿಸಿದ ಮಜ್ಜಿಗೆ ಎಲೆ ಮೇಲೆ ಉಳಿಯುತ್ತದೆ. ಮಲೆನಾಡಿನ ಜುಲೈನಲ್ಲಿ, ಅಷ್ಟೆತ್ತರದ ಕೊನೆಯ ಮೇಲೆ ಮಜ್ಜಿಗೆ ಎಷ್ಟು ಹೊತ್ತು ಇರುತ್ತದೆ? ಮುಂದಿನ ಮಳೆ ಬರುವವರೆಗೆ. ಅಂದರೆ ಕೆಲವೊಮ್ಮೆ ಮರ ಹತ್ತಿದ ಕೊನೆಗಾರ ಕೆಳಗೆ ಇಳಿಯುವವರೆಗೆ. ಗೋಮೂತ್ರವೂ ಅಷ್ಟೇ, ನೀರಲ್ಲಿ ಕರಗುವ ವಸ್ತು ನೀರಿನ ಜೊತೆಗೇ ಹೋಗುತ್ತದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಕೆಲವು ಶಿಲೀಂಧ್ರಗಳನ್ನು ತಡೆಯಬಹುದು. ತೋಟದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಬೀಜಕಣ ಬಂದು ಕಾಯಿಯ ಮೇಲೆ ಕೂತ ಗಳಿಗೆಯಲ್ಲಿ ನಾವು ಹಾಕಿದ್ದು ಅಲ್ಲಿ ಇರುತ್ತದಾ?

ಟ್ರೈಕೋಡರ್ಮದ ಕತೆ ಬೇರೆ. ಅದು ಒಳ್ಳೆಯ ಜೀವಿ, ನಾನು ಅದರ ಪರ. ಆದರೆ ಅದರ ಊರು ಮಣ್ಣು. ಬುಡಕ್ಕೆ ಹಾಕಿದ ಟ್ರೈಕೋಡರ್ಮ ಬೇರಿನ ಸುತ್ತ ಬೆಳೆದು ಅಲ್ಲಿಯ ರೋಗಾಣುಗಳ ಜೊತೆ ಹೋರಾಡುತ್ತದೆ. ತುದಿಯಲ್ಲಿರುವ ಕೊನೆಗೆ ಬುಡದಲ್ಲಿರುವ ಕಾವಲುಗಾರ ಏನು ಮಾಡಿಯಾನು?

ಆ ದೀಪಾವಳಿಗೆ ಹೋದಾಗ ಭಾವನ ಮುಖ ನೋಡುವುದಕ್ಕೇ ಕಷ್ಟವಾಗಿತ್ತು. 'ಮತ್ತೆ ಮೈಲುತುತ್ತಕ್ಕೇ ಹೋಗ್ಬೇಕು ಅಂತೀಯಾ?' ಅಂದರು. 'ಅದಕ್ಕೂ ಮೊದಲು ಮಾಡೋದು ಬೇಕಾದಷ್ಟಿದೆ ಭಾವ, ಮೈಲುತುತ್ತ ಕೊನೇದು' ಅಂದೆ. ಅಕ್ಕ ಒಳಗಿನಿಂದಲೇ, 'ಮಾವ ಇದ್ದಾಗ ಕೊಟ್ಟೆ ಕಟ್ತಿದ್ರಂತೆ, ಅದನ್ನ ಯಾಕೆ ಯಾರೂ ಮಾತಾಡಲ್ಲ?' ಅಂತ ಕೇಳಿದಳು. ಇಡೀ ಚರ್ಚೆಯಲ್ಲಿ ತೂಕದ ಮಾತು ಅದೇ ಆಗಿತ್ತು.

ಕೊಟ್ಟೆ ಗೊತ್ತಿಲ್ಲದವರಿಗೆ ಒಂದು ಮಾತು. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಹೊದಿಸಿ ಕಟ್ಟುವ ಹೊದಿಕೆ ಅದು. ಕೆಲವು ಕಡೆ ಕರಡದ ಹುಲ್ಲಿನಿಂದ ಹೆಣೆಯುತ್ತಿದ್ದರು, ಕೆಲವು ಕಡೆ ಅಡಿಕೆ ಹಾಳೆಯಿಂದಲೇ ಮಾಡುತ್ತಿದ್ದರು. ಬೋರ್ಡೋ ಬರುವುದಕ್ಕೆ ಮುಂಚೆ ಮಲೆನಾಡಿನಲ್ಲಿ ಅಡಿಕೆ ಉಳಿಸಿಕೊಂಡದ್ದು ಹೀಗೇ. ಅದರಲ್ಲಿ ಮದ್ದಿಲ್ಲ, ಮಂತ್ರವಿಲ್ಲ. ಕಾಯಿಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಅಷ್ಟೇ. ನೀರಿಲ್ಲದಿದ್ದರೆ ಈಜುವ ಬೀಜಕಣಕ್ಕೆ ದಾರಿಯೇ ಇಲ್ಲ. ಕೊಳೆಗೆ ಪೂರ್ತಿ ನೈಸರ್ಗಿಕವಾದ, ನಿಜವಾಗಿ ಕೆಲಸ ಮಾಡುವ ಉಪಾಯ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

2019ಕ್ಕೆ ಕೆಲಸ ಶುರುವಾದದ್ದು ಬೇಸಿಗೆಯಲ್ಲಿ. ಹಿಂದಿನ ವರ್ಷದ ರೋಗ ಹಿಡಿದ ಕೊನೆಗಳು ಒಣಗಿ ಮರದ ಮೇಲೇ ನೇತಾಡುತ್ತಿದ್ದವು. ಅವೆಲ್ಲ ಮುಂದಿನ ಮಳೆಗಾಲದ ಬಿತ್ತನೆ ಬೀಜ. ಕೊನೆಗಾರರನ್ನು ಹತ್ತಿಸಿ ಅವನ್ನು ತೆಗೆಸಿದರು, ಸುಳಿ ಕೊಳೆತ ಮರಗಳ ತಲೆ ಕಡಿಸಿದರು, ಎಲ್ಲವನ್ನೂ ತೋಟದಿಂದ ಹೊರಗೆ ಸಾಗಿಸಿ ಸುಟ್ಟರು. ನೀರು ಬಸಿಯುವ ಕಾಲುವೆಗಳಾದ ಕಪ್ಪುಗಳು ಅರ್ಧ ಮುಚ್ಚಿಹೋಗಿದ್ದವು. ಹೂಳೆತ್ತಿಸಿ ನೀರು ಹಳ್ಳಕ್ಕೆ ಇಳಿಯುವಂತೆ ಮಾಡಿದರು. ತೋಟದಂಚಿನ ಕಾಡುಮರಗಳ ಕೆಳಗಿನ ಕೊಂಬೆ ಸವರಿದರು, ಗಾಳಿ ಆಡಲಿ ಅಂತ. ಇದಕ್ಕೆಲ್ಲ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ಯಾರೂ ಇದನ್ನು ಬಾಟಲಿಯಲ್ಲಿ ಮಾರುವುದಿಲ್ಲವಾದ್ದರಿಂದ ಇದರ ಬಗ್ಗೆ ಮಾತಾಡುವವರೂ ಕಡಿಮೆ.

ಮೇ ಕೊನೆಗೆ ತೋಟವನ್ನು ಮೂರು ಭಾಗ ಮಾಡಿಕೊಂಡರು. ಮನೆಯ ಹತ್ತಿರದ ಸಾಲುಗಳಿಗೆ ಹೊದಿಕೆ. ಕರಡದ ಕೊಟ್ಟೆ ಹೆಣೆಯುವವರು ಯಾರೂ ಸಿಗಲಿಲ್ಲ. ಹಾಳೆ ಕೊಟ್ಟೆ ಕಟ್ಟಲು ಬಲ್ಲ ಹಿರಿಯರೊಬ್ಬರು ಸಿಕ್ಕರು, ಅವರಿಂದ ಆದಷ್ಟು ಮಾಡಿಸಿ ಉಳಿದವಕ್ಕೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರೂ ಮಳೆಗೆ ಮುಂಚೆ ಕೊನೆಗೆ ಪಾಲಿಥೀನ್ ಹೊದಿಸುವ ಸಲಹೆ ಕೊಡುತ್ತಾರೆ. ಕೆಳಬಾಯಿ ತೆರೆದಿರಬೇಕು, ಇದು ಮುಖ್ಯ. ಬಾಯಿ ಕಟ್ಟಿಬಿಟ್ಟರೆ ಒಳಗೆ ಬೆವರಿ, ಬೇಡದ ತೇವ ನಾವೇ ಕೂಡಿಹಾಕಿದಂತೆ. ಮಳೆಗಾಲ ಮುಗಿದ ಮೇಲೆ ಒಂದೊಂದನ್ನೂ ಬಿಚ್ಚಿ ತೊಳೆದು ಎತ್ತಿಡಬೇಕು, ಇಲ್ಲದಿದ್ದರೆ ತಾಮ್ರದ ಬದಲು ತೋಟದ ತುಂಬ ಪ್ಲಾಸ್ಟಿಕ್.

ದೊಡ್ಡ ಭಾಗಕ್ಕೆ ಬೋರ್ಡೋ. ಮೂರನೆಯದಾಗಿ ಮೇಲಿನ ಅಂಚಿನ ಒಂದೆರಡು ಸಾಲುಗಳಿಗೆ ಮತ್ತೆ ಮಜ್ಜಿಗೆ. ಭಾವನ ಹಠ ಅದು. 'ಈ ಸಲ ತೋಟ ಸ್ವಚ್ಛ ಇದೆ, ಒಂದು ಸಲ ನೋಡೇ ಬಿಡೋಣ' ಅಂದರು. ನನಗೂ ಅದು ಸರಿ ಅನ್ನಿಸಿತು. ಹೋಲಿಸಿ ನೋಡದೆ ಯಾವುದನ್ನೂ ಬೇಡ ಅನ್ನುವುದು ನ್ಯಾಯವಲ್ಲ.

ಬೋರ್ಡೋ ವಿಷಯಕ್ಕೆ ಬರೋಣ. ಇದನ್ನು ರಾಸಾಯನಿಕ ಅಂತ ಬೈಯುವವರಿಗೂ ನೈಸರ್ಗಿಕ ಅಂತ ಒಪ್ಪಿಕೊಳ್ಳುವವರಿಗೂ ಇದರ ಕತೆ ಗೊತ್ತಿರಲಿ. 1882ರಲ್ಲಿ ಫ್ರಾನ್ಸಿನ ಮೆಡಾಕ್ ಪ್ರದೇಶದಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಒಂದು ವಿಚಿತ್ರ ನೋಡಿದರು. ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಸುಣ್ಣ ಮತ್ತು ಮೈಲುತುತ್ತ ಎರಚಿದ್ದರು. ಬೇರೆ ಬಳ್ಳಿಗಳೆಲ್ಲ ರೋಗಕ್ಕೆ ಎಲೆ ಉದುರಿಸಿದ್ದರೆ ಅವು ಮಾತ್ರ ಹಸಿರಾಗಿದ್ದವು. 1885ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ದ್ರಾಕ್ಷಿ ರೋಗದ ಜೀವಿಯೂ ನಮ್ಮ ಕೊಳೆಯ ಹಾಗೆ ಈಜುವ ಬೀಜಕಣದ್ದೇ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆಯನ್ನು ಆಳವಾಗಿ ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಮಲೆನಾಡಿನ ತೋಟಗಳಿಗೆ ಬೋರ್ಡೋ ಸಿಂಪಡಣೆ ಬಂದದ್ದು ಅವರ ಕೆಲಸದಿಂದ. ನೂರು ವರ್ಷ ದಾಟಿದರೂ ಇದಕ್ಕೆ ಬೆಲೆ ಇದೆ ಅಂದರೆ ಕಾರಣ ಇದು ಅಂಟಿಕೊಳ್ಳುತ್ತದೆ. ಒಣಗಿದರೆ ಕಾಯಿಯ ಮೇಲೆ ತೆಳು ಪೊರೆಯಾಗಿ ನಿಂತು, ಮಳೆಗೆ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತದೆ. ಬೀಜಕಣ ಬರುವ ಹೊತ್ತಿಗೆ ಅದು ಅಲ್ಲಿ ಇರುತ್ತದೆ.

ಆದರೆ ಅದು ಒಳಗಿಳಿದು ರೋಗ ವಾಸಿ ಮಾಡುವ ಮದ್ದಲ್ಲ. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಹಿಡಿದ ಕಾಯಿ ಉಳಿಯುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಮಳೆ ಉದ್ದವಾದರೆ ಮೂರನೆಯದು.

ತಯಾರಿಯಲ್ಲಿ ಎಡವುವವರೇ ಜಾಸ್ತಿ, ಹಾಗಾಗಿ ಇದನ್ನು ಬಿಡಿಸಿ ಬರೆಯುತ್ತೇನೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಮುಟ್ಟಲೇಬಾರದು, ಪ್ಲಾಸ್ಟಿಕ್ ಡ್ರಮ್ ಸಾಕು. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ರಾತ್ರಿಯಿಡೀ ಇಳಿಬಿಟ್ಟರೆ ತಾನೇ ಕರಗುತ್ತದೆ, ತಳಕ್ಕೆ ಹಾಕಿದರೆ ಬೆಳಿಗ್ಗೆಯೂ ಕಲ್ಲಾಗಿಯೇ ಇರುತ್ತದೆ. ಸುಣ್ಣ ಹೊಸದಾಗಿ ಸುಟ್ಟದ್ದಾಗಿರಬೇಕು. ಚೀಲದಲ್ಲಿ ತಿಂಗಳುಗಟ್ಟಲೆ ಕೂತ ಸುಣ್ಣ ಗಾಳಿಗೆ ಸತ್ತುಹೋಗಿರುತ್ತದೆ, ತೂಕಕ್ಕೆ ಮಾತ್ರ ಸುಣ್ಣ. ಅದನ್ನು ಸ್ವಲ್ಪ ನೀರಲ್ಲಿ ಅರಳಿಸಿ, ಉಳಿದ 50 ಲೀಟರಿಗೆ ಬೆರೆಸಿ, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಮರದ ಕೋಲಿನಿಂದ ತಿರುಗಿಸಬೇಕು. ಉಲ್ಟಾ ಸುರಿದರೆ ಹಿಟ್ಟು ದಪ್ಪವಾಗಿ ತಳಕ್ಕೆ ಕೂರುತ್ತದೆ, ಪೊರೆ ಸರಿಯಾಗಿ ಬರುವುದಿಲ್ಲ.

ಆಮೇಲೆ ಕತ್ತಿ ಪರೀಕ್ಷೆ. ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಭಾವನ ಮನೆಯಲ್ಲಿ ಮೊದಲ ಡ್ರಮ್ಮಿಗೆ ಅದ್ದಿದಾಗ ಅಲಗಿನ ಅಂಚಿಗೆ ಕೆಂಪು ಬಣ್ಣ ಹಿಡಿಯಿತು. ಅಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದಿದ್ದರೆ ಎಳೆ ಕಾಯಿ ಸುಟ್ಟು, ರೋಗವಿಲ್ಲದೆಯೇ ಉದುರುತ್ತಿತ್ತು. ಸುಣ್ಣದ ತಿಳಿ ಸೇರಿಸುತ್ತಾ ಹೋದರು, ಕತ್ತಿ ಬೆಳ್ಳಗೆ ಬರುವವರೆಗೆ. ಕೆಂಪು ಲಿಟ್ಮಸ್ ಕಾಗದ ಇದ್ದರೆ ಇನ್ನೂ ಸುಲಭ, ನೀಲಿಗೆ ತಿರುಗಿದರೆ ಸರಿ. ಹಳಬರು ಇದಕ್ಕೆ ರಾಳವನ್ನು ಸೋಡಾದ ಜೊತೆ ಕುದಿಸಿ ಸೇರಿಸುತ್ತಿದ್ದರು, ಅಂಟು ಹೆಚ್ಚಲಿ ಅಂತ. ಒಳ್ಳೆಯ ಪದ್ಧತಿ, ಮರದಿಂದಲೇ ಬಂದ ಅಂಟು. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು, ಮರುದಿನಕ್ಕೆ ಇಡುವಂತಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲವರು 'ಎರಡೂ ಇರಲಿ' ಅಂತ ಬೋರ್ಡೋಗೆ ಹುಳಿ ಮಜ್ಜಿಗೆ ಬೆರೆಸುತ್ತಾರೆ. ದಯವಿಟ್ಟು ಬೇಡ. ಸುಣ್ಣ ಹಿಡಿದಿಟ್ಟ ತಾಮ್ರವನ್ನು ಹುಳಿ ಬಿಡಿಸಿಬಿಡುತ್ತದೆ, ಕಾಯಿ ಸುಡುತ್ತದೆ. ಹಳಸಿದ ಗೋಮೂತ್ರವನ್ನೂ ಬೆರೆಸಬೇಡಿ, ಅದರ ಅಮೋನಿಯಾ ಕೂಡ ತಾಮ್ರವನ್ನು ಕರಗಿಸುತ್ತದೆ.

2019ರಲ್ಲಿ ಮೊದಲ ಸಿಂಪಡಣೆ ಸಲೀಸಾಗಿ ಆಯಿತು. ಎರಡನೆಯದಕ್ಕೆ ಹೊಳವು ಸಿಗಲಿಲ್ಲ. ಬೋರ್ಡೋ ಒಣಗಲು ಕೆಲವು ಗಂಟೆಯಾದರೂ ಮಳೆ ಬಿಡಬೇಕಲ್ಲ. ಅಂತೂ ಪುಷ್ಯದ ನಡುವೆ ಒಂದು ಹೊಳವಾದ ಬೆಳಿಗ್ಗೆ ನೋಡಿ ಹೊಡೆಸಿದರು. ಆಗಸ್ಟ್ ಮೊದಲ ವಾರದ ಆ ಭಾರಿ ಮಳೆಗೆ ಮುಂಚೆ ಅದು ಆದದ್ದು ಪುಣ್ಯ. ಉದುರಿದ ಕಾಯಿಯನ್ನು ದಿನ ಬಿಟ್ಟು ದಿನ ಹೆಕ್ಕಿ, ತೋಟದ ಹೊರಗೆ ಹೊಂಡಕ್ಕೆ ಹಾಕಿ ಮಣ್ಣು ಮುಚ್ಚಿದರು. ಅದನ್ನು ಹೆಚ್ಚಾಗಿ ಮಾಡಿದ್ದು ಅಕ್ಕ. ಈ ಕೆಲಸದ ಬಗ್ಗೆ ಯಾರೂ ಹೊಗಳಿ ಬರೆಯುವುದಿಲ್ಲ, ಆದರೆ ಬಿಳಿ ಬೂಸ್ಟು ಮೂಡುವ ಮೊದಲೇ ಕಾಯಿ ಹೊರಗೆ ಹೋದರೆ ರೋಗದ ಸರಪಳಿ ಅಲ್ಲೇ ಕಡಿಯುತ್ತದೆ.

ಮಳೆಗಾಲ ಮುಗಿದಾಗ ಕಂಡದ್ದು ಹೀಗೆ. ಕೊಟ್ಟೆ ಕಟ್ಟಿದ ಕೊನೆಗಳಲ್ಲಿ ಕೊಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಲ್ಲಿ ಕಂಡದ್ದು ಗಾಳಿಗೆ ಕೊಟ್ಟೆ ಹರಿದ ಅಥವಾ ಜಾರಿದ ಕೊನೆಗಳಲ್ಲಿ. ಬೋರ್ಡೋ ಭಾಗದಲ್ಲಿ ಹಳ್ಳದ ಬದಿಗೆ ಸ್ವಲ್ಪ ಕೊಳೆ ಬಂತು, ಮೇಲೆ ಏರಲಿಲ್ಲ. ಮಜ್ಜಿಗೆ ಸಾಲುಗಳು ಪುಷ್ಯದಲ್ಲೇ ಹಿಡಿದವು. ಹಿಂದಿನ ವರ್ಷಕ್ಕಿಂತ ತಡವಾಗಿ, ಕಡಿಮೆ ಜೋರಾಗಿ. ಆ ತಡಕ್ಕೆ ಕಾರಣ ಬೇಸಿಗೆಯಲ್ಲಿ ಮಾಡಿದ ಸ್ವಚ್ಛತೆ ಅನ್ನುವುದು ನನ್ನ ಅಂದಾಜು. ಅದು ಮೇಲಿನ ಅಂಚಿನ ಜಾಗ, ಗಾಳಿ ಜಾಸ್ತಿ, ಅದೂ ಸೇರಿರಬಹುದು. ಇದು ವಿಜ್ಞಾನಿಗಳ ಪ್ರಯೋಗವಲ್ಲ, ಒಂದು ಮನೆಯ ತೋಟ. ಅಷ್ಟರ ಮಟ್ಟಿಗೆ ತೆಗೆದುಕೊಳ್ಳಿ. ಆದರೂ ಒಂದೇ ತೋಟ, ಒಂದೇ ಮಳೆ, ಅಕ್ಕಪಕ್ಕದ ಸಾಲು. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು.

ಹಾಗಾದರೆ ತಾಮ್ರದ ಚಿಂತೆ ಮುಗಿಯಿತಾ? ಇಲ್ಲ. ಭಾವನ ಆತಂಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಒಂದು ಲೆಕ್ಕ ಮಾಡಿ. ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ. ಎಕರೆಗೆ ಒಂದು ಸಲಕ್ಕೆ 500 ಲೀಟರ್ ದ್ರಾವಣ ಹೋಯಿತು ಅಂತಿಟ್ಟುಕೊಂಡರೆ 5 ಕಿಲೋ ಮೈಲುತುತ್ತ, ಅಂದರೆ 1.25 ಕಿಲೋ ತಾಮ್ರ. ಎರಡು ಸಲಕ್ಕೆ 2.5 ಕಿಲೋ, ಹೆಕ್ಟೇರ್ ಲೆಕ್ಕಕ್ಕೆ 6 ಕಿಲೋ ದಾಟುತ್ತದೆ. ಯುರೋಪಿನ ಒಕ್ಕೂಟ 2019ರಿಂದ ಹಾಕಿರುವ ಮಿತಿ ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ, ವರ್ಷಕ್ಕೆ ಸರಾಸರಿ 4 ಕಿಲೋ. ನಮ್ಮ ಸಾವಯವ ಪ್ರಮಾಣೀಕರಣದಲ್ಲೂ ತಾಮ್ರಕ್ಕೆ ಮುಕ್ತ ಅನುಮತಿ ಇಲ್ಲ, ನಿರ್ಬಂಧದೊಂದಿಗೆ ಮಾತ್ರ. ಸುಣ್ಣ, ಮೈಲುತುತ್ತ ಎರಡೂ ಖನಿಜ ಅಂತ ಹೇಳಿ ಧೈರ್ಯವಾಗಿ ಸುರಿಯುವ ಹಾಗಿಲ್ಲ.

ಅದಕ್ಕೇ ಆಮೇಲಿನ ವರ್ಷಗಳಲ್ಲಿ ಭಾವ ಕೊಟ್ಟೆಯ ಭಾಗವನ್ನು ಹೆಚ್ಚಿಸುತ್ತಾ ಬಂದರು. ಈಗ ಹಳ್ಳದ ಬದಿಯ, ಅಂದರೆ ಮೊದಲು ರೋಗ ಹಿಡಿಯುವ ಸಾಲುಗಳಿಗೆಲ್ಲ ಹೊದಿಕೆ. ಉಳಿದ ಮರಗಳಿಗೆ ಬೋರ್ಡೋ, ಅದೂ ಕೊನೆಗೆ ಮಾತ್ರ ಗುರಿಯಿಟ್ಟು. ಸುಮ್ನೆ ಗಾಳಿಗೆ, ಸೋಗೆಗೆ ಹೊಡೆಯುವುದು ನಿಂತಿದೆ. ಮದ್ದು ಹೊಡೆಯುವವರಿಗೆ ಕನ್ನಡಕ, ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಕೊಟ್ಟೆ ಕಟ್ಟುವುದು ದುಬಾರಿ, ಅದನ್ನು ಒಪ್ಪಿಕೊಳ್ಳಬೇಕು. ಪ್ರತಿ ಮರ ಹತ್ತಬೇಕು, ಹತ್ತುವವರು ಸಿಗುವುದೇ ಕಷ್ಟ. ಭಾವನ ಎರಡೂವರೆ ಎಕರೆಗೆ ಆಗುತ್ತದೆ, ಹತ್ತು ಎಕರೆಯವರಿಗೆ ಹೇಳುವುದು ಸುಲಭವಲ್ಲ.

ಟ್ರೈಕೋಡರ್ಮವನ್ನು ಅವರು ಬಿಟ್ಟಿಲ್ಲ, ಅದರ ಜಾಗಕ್ಕೆ ಕಳಿಸಿದ್ದಾರೆ. ಕಾಳುಮೆಣಸಿನ ಬುಡಕ್ಕೆ. ಬಳ್ಳಿಯ ಸೊರಗು ರೋಗ ಶುರುವಾಗುವುದು ಹೆಚ್ಚಾಗಿ ಬೇರಿನಿಂದ, ಅಲ್ಲಿ ಟ್ರೈಕೋಡರ್ಮಕ್ಕೆ ಕೆಲಸವಿದೆ. ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ, ಟ್ರೈಕೋಡರ್ಮ ಸೇರಿಸಿ, ನೆರಳಲ್ಲಿ ಹಸಿ ಆರದಂತೆ ಒಂದೆರಡು ವಾರ ಮುಚ್ಚಿಡುತ್ತಾರೆ. ಗೊಬ್ಬರದ ಮೇಲೆ ಹಸಿರು ಬೂಸ್ಟು ಹರಡಿದ ಮೇಲೆ ಮುಂಗಾರಿನ ಮೊದಲ ಹದಕ್ಕೆ ಬುಡಕ್ಕೆ ಹಾಕುತ್ತಾರೆ. ಮಜ್ಜಿಗೆಯೂ ಮನೆಯಲ್ಲಿ ಇದೆ. ಬೇಸಿಗೆಯ ಸೌತೆಗೆ, ಬೆಂಡೆಗೆ ಬೂದಿ ರೋಗ ಕಂಡರೆ ಅಕ್ಕ ಈಗಲೂ ಅದನ್ನೇ ಹೊಡೆಯುತ್ತಾಳೆ.

ನಿಮ್ಮ ತೋಟಕ್ಕೆ ಈ ವರ್ಷ ಕೊಟ್ಟೆ ಬೇಕಿದ್ದರೆ ಹಾಳೆಯನ್ನು ಬೇಸಿಗೆಯಲ್ಲೇ ಎತ್ತಿಡಿ, ಕೊನೆಗಾರರನ್ನು ಏಪ್ರಿಲ್‌ನಲ್ಲೇ ಮಾತಾಡಿಸಿ. ಮೇ ಕೊನೆಗೆ ಹೋದರೆ ಯಾರೂ ಸಿಗುವುದಿಲ್ಲ. ಬಹಳ ವರ್ಷ ಬೋರ್ಡೋ ಹೊಡೆದ ತೋಟವಾದರೆ ಮಣ್ಣು ಪರೀಕ್ಷೆಗೆ ಕೊಡುವಾಗ ಲಘು ಪೋಷಕಾಂಶಗಳಲ್ಲಿ ತಾಮ್ರದ ಪ್ರಮಾಣವನ್ನೂ ನೋಡಿ ಕೊಡಿ ಅಂತ ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಅದನ್ನು ನೋಡುವುದೇ ಇಲ್ಲ.